ಕಾಗದದಕ್ಕ

ಮದುವೆಯ ಕಾಗದ ಕೈಗೆ ಬಂದರೆ ನಾನು ಮದುಮಕ್ಕಳ ಹೆಸರು ಓದುವುದು ಕೊನೆಗೆ. ಮೊದಲು ನೋಡುವುದು ಅಜ್ಜಿಯ ಹೆಸರು ಇದೆಯೋ ಇಲ್ಲವೋ ಎಂದು. ಆಮೇಲೆ ಸೋದರಮಾವನನ್ನು ಎಲ್ಲಿ ಹಾಕಿದ್ದಾರೆ, ದೊಡ್ಡಪ್ಪನನ್ನು ಚಿಕ್ಕಪ್ಪನ ಕೆಳಗೆ ತಳ್ಳಿದ್ದಾರೋ ಹೇಗೆ ಎಂದೆಲ್ಲ ಹುಡುಕುತ್ತೇನೆ. "ಮುಹೂರ್ತ ಎಷ್ಟೊತ್ತಿಗೆ ಅಂತ ನೋಡಿದ್ರೆ ಸಾಲದಾ ನಿನಗೆ?" ಎಂದು ನನ್ನ ಗಂಡ ನಗುತ್ತಾರೆ. ಈ ಚಟ ನನಗೆ ಹತ್ತಿದ್ದು ಕಡಬದ ಪ್ರೆಸ್ಸಿನಲ್ಲಿ. ಹತ್ತಿಸಿದವರು ಅಲ್ಲಿ ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದವರು.

ಆಮಂತ್ರಣ ಪತ್ರಿಕೆಯನ್ನು ನಮ್ಮ ಕಡೆ ಕಾಗದ ಎಂದೇ ಹೇಳುವುದು. ಆ ಪ್ರೆಸ್ಸಿನಲ್ಲಿ ಅಕ್ಕ ಕಂಪ್ಯೂಟರಿನ ಮುಂದೆ ಕೂತು ಕಾಗದದ ಅಕ್ಷರಗಳನ್ನು ಕೂರಿಸುತ್ತಿದ್ದರು, ನಾನು ಎದುರಿನ ಕೌಂಟರಿನಲ್ಲಿ ಬಂದ ಜನರನ್ನು ಕೂರಿಸುತ್ತಿದ್ದೆ. ನನ್ನ ಮದುವೆಯಾಗಿ ನಾನು ಪುತ್ತೂರಿಗೆ ಬಂದು ವರ್ಷಗಳೇ ಆದವು. ಅವರು ಮಾತ್ರ ಅಲ್ಲೇ ಇದ್ದರು. ಈ ಸಲ ಮೇ ಕೊನೆಯ ಪತ್ತನಾಜೆ ಕಳೆದು, ದೈವಗಳ ಕೋಲ ನೇಮಗಳೆಲ್ಲ ನಿಂತು, ಪ್ರೆಸ್ಸಿಗೆ ವರ್ಷದ ವಿಶ್ರಾಂತಿ ಬಂದ ಮೇಲೆ ಅಕ್ಕ ಕೆಲಸ ಬಿಟ್ಟರು. ಬೀಳ್ಕೊಡುಗೆಗೆ ನನ್ನನ್ನೂ ಕರೆದಿದ್ದರು. ಹೋಗಿ ಬಂದಂದಿನಿಂದ ಅವರದೇ ಯೋಚನೆ.

ಅವರು ಅರಂತೋಡು ಕಡೆಯ ಗೌಡರ ಮನೆಯ ಮಗಳು, ಪೆರಾಬೆಗೆ ಸೊಸೆಯಾಗಿ ಬಂದವರು. ಗಂಡ ಪಿಕಪ್ ಓಡಿಸುತ್ತಿದ್ದರು. ಅಕ್ಕನದು ಗಿಡ್ಡ ಆಳು. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಹಾಳೆಯ ಒಂದು ಬಂಡಲನ್ನು ಕೆಳಗಿಟ್ಟು ಅದರ ಮೇಲೆ ಪಾದ ಊರುತ್ತಿದ್ದರು. ಎಷ್ಟೇ ಅವಸರದ ಕೆಲಸವಿದ್ದರೂ ಆ ಬಂಡಲನ್ನು ಯಾರೂ ಮುಟ್ಟುವಂತಿರಲಿಲ್ಲ. ಟೈಪು ಮಾಡುವಾಗ ಒಂದೊಂದು ಹೆಸರನ್ನೂ ಮೆಲ್ಲಗೆ ಬಾಯಲ್ಲಿ ಹೇಳುತ್ತಿದ್ದರು, ಊಟಕ್ಕೆ ಒಬ್ಬೊಬ್ಬರನ್ನೇ ಕರೆಯುವ ಹಾಗೆ. ತೀರಿಹೋದವರ ಹೆಸರು ಬಂದರೆ ಸ್ವರ ಇನ್ನಷ್ಟು ಸಣ್ಣಗಾಗುತ್ತಿತ್ತು.

ಅವರಿಗೆ "ಇಲ್ಲ" ಎಂದು ಮಾತು ಶುರು ಮಾಡಲಿಕ್ಕೆ ಗೊತ್ತೇ ಇರಲಿಲ್ಲ. ಧನಿಗಳು, ಎಂದರೆ ಪ್ರೆಸ್ಸಿನ ಯಜಮಾನರು, ಏನು ಹೇಳಿದರೂ ಮೊದಲು "ಆಯ್ತು" ಬರುತ್ತಿತ್ತು. "ಆಯ್ತು ಧನಿಗಳೇ, ಆದ್ರೆ ಅದು ಆಗ್ಲಿಕ್ಕಿಲ್ಲ." ಧನಿಗಳು ಆಯ್ತು ಎಂಬಲ್ಲಿಗೇ ಖುಷಿಯಾಗಿ ಹೊರಗೆ ಹೋಗಿಬಿಡುತ್ತಿದ್ದರು. ಆಗುವುದಿಲ್ಲ ಎಂಬುದು ಅವರಿಗೆ ಸಂಜೆಗೆ ಗೊತ್ತಾಗುತ್ತಿತ್ತು.

ಕಾಗದ ಮಾಡಿಸಲಿಕ್ಕೆ ಬರುವವರು ಎಂದೂ ಒಬ್ಬರೇ ಬರುವುದಿಲ್ಲ. ಒಂದು ಜೀಪು ಜನ ಬರುತ್ತಾರೆ. ಅಪ್ಪ, ಚಿಕ್ಕಪ್ಪ, ಇಬ್ಬರು ಭಾವಂದಿರು, ಇಂಗ್ಲಿಷ್ ಬರುತ್ತದೆ ಎಂದು ಕರೆದುಕೊಂಡು ಬಂದ ಪಕ್ಕದ ಮನೆಯವನು. ಎಲ್ಲರೂ ಅಕ್ಕನ ಬೆನ್ನ ಹಿಂದೆ ನಿಂತು ಪರದೆಗೆ ಬೆರಳು ತೋರಿಸಲು ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕನಿಗೆ ಉರಿಯುತ್ತಿರಲಿಲ್ಲ. ಪಕ್ಕದಲ್ಲಿ ಒಂದೇ ಒಂದು ಸ್ಟೂಲು ಇಟ್ಟಿದ್ದರು. "ಒಬ್ರು ಕೂತ್ಕೊಳ್ಳಿ, ಉಳಿದವ್ರು ಹೊರಗೆ ಬೆಂಚಿನಲ್ಲಿ. ಒಳಗೆ ಯಾರು ಕೂರುದು ಅಂತ ಹೊರಗೇ ತೀರ್ಮಾನ ಆಗ್ಲಿ." ಅರ್ಧ ಜಗಳ ಬೆಂಚಿನಲ್ಲೇ ಮುಗಿಯುತ್ತಿತ್ತು. ಉಳಿದರ್ಧ ನನ್ನ ಪಾಲಿಗೆ.

ಹೆರಿಗೆ ಮುಗಿಸಿ ಅಕ್ಕ ತಿರುಗಿ ಕೆಲಸಕ್ಕೆ ಬಂದದ್ದು ಮದುವೆ ಸೀಸನ್ನಿನ ನಡುವೆ. ಮಗು ಇನ್ನೂ ಎದೆಹಾಲು ಕುಡಿಯುತ್ತಿತ್ತು. ಪೆರಾಬೆಯಿಂದ ಬೆಳಿಗ್ಗೆ ಹೊರಟವರು ಮನೆ ಸೇರುವಾಗ ದೀಪ ಹಚ್ಚಿ ಆಗಿರುತ್ತಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಎದೆ ಬಿಗಿದು, ರವಿಕೆ ಒದ್ದೆಯಾಗುತ್ತಿತ್ತು. ಸ್ಟೂಲಿನಲ್ಲಿ ಯಾರಾದರೂ ಗಂಡಸರು ಕೂತು ಬಂಧುಗಳ ಹೆಸರು ಹೇಳುತ್ತಿರುವಾಗ ಅಕ್ಕ ಮೆಲ್ಲಗೆ ಒಂದು ಫೈಲನ್ನು ಎದೆಗೆ ಅಡ್ಡ ಹಿಡಿದರೆ ನನಗೆ ಅರ್ಥವಾಗುತ್ತಿತ್ತು. ಹಿಂದೆ ಹಾಳೆಯ ಬಂಡಲುಗಳನ್ನು ಪೇರಿಸಿದ ಸಣ್ಣ ಕೋಣೆ. ಅವರು ಅಲ್ಲಿ ಹೋಗಿ ಹಾಲು ಹಿಂಡಿ ಚೆಲ್ಲಿ ಬರುವವರೆಗೆ ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ. ಒಮ್ಮೆ ಹೊರಗೆ ಬಂದು ಕಣ್ಣೊರೆಸಿಕೊಂಡು, "ಅಲ್ಲಿ ಅವಳು ಬಾಟ್ಲಿ ಹಾಲು ಕುಡಿತಾ ಇರ್ತಾಳೆ, ಇಲ್ಲಿ ನಾನು ಚೆಲ್ಲುದು. ಇದು ಎಂತ ಲೆಕ್ಕ ಮಾರಾಯ್ತಿ?" ಎಂದರು. ನನಗೆ ಆಗ ಮದುವೆ ಕೂಡ ಆಗಿರಲಿಲ್ಲ. ಚಹಾ ತರಲು ಹೋದೆ.

ಮಗು ಅಂಬೆಗಾಲಿಡಲು ಶುರು ಮಾಡಿದ ಮೇಲೆ ಕಷ್ಟ ಹೆಚ್ಚಾಯಿತು. ಅತ್ತೆಗೆ ಮಂಡಿನೋವು. ಮಗುವಿನ ಹಿಂದೆ ಓಡಲು ಅವರಿಂದ ಆಗದು. ಒಂದು ದಿನ ಮಗು ಅಂಗಳ ದಾಟಿ ತೋಟದಲ್ಲಿ ನೀರು ಹರಿಯುವ ಕಣಿಯ ಅಂಚಿಗೆ ಹೋಗಿ ಕೂತಿತ್ತಂತೆ. ಅತ್ತೆ ಅಳುತ್ತಾ ಪ್ರೆಸ್ಸಿಗೆ ಫೋನು ಮಾಡಿದರು. ಅಕ್ಕ ಆ ದಿನ ಕೈಯಲ್ಲಿದ್ದ ಕೆಲಸ ಮುಗಿಸಿ, ಧನಿಗಳ ಮೇಜಿನ ಮುಂದೆ ಹೋಗಿ ನಿಂತರು.

"ಧನಿಗಳೇ, ಲ್ಯಾಪ್‌ಟಾಪ್ ಒಂದು ಕೊಟ್ರೆ ನಾನು ಮನೆಯಿಂದ ಕೆಲಸ ಮಾಡ್ತೇನೆ. ಪ್ರೂಫ್ ಮೊಬೈಲಿಗೆ ಕಳಿಸುದು. ಅವರು ಸರಿ ಹೇಳಿದ ಮೇಲೆ ಇಲ್ಲಿ ಪ್ರಿಂಟ್ ಹಾಕಿದ್ರಾಯ್ತು."

ಧನಿಗಳು ಕೆಟ್ಟವರಲ್ಲ. ಆದರೆ ಪ್ರೆಸ್ಸೆಂದರೆ ಜನ ಬಂದು ಕೂರುವ ಜಾಗ, ಕೂತವರಿಗೆ ಚಹಾ, ಚಹಾ ಕುಡಿದವರಿಂದ ಇನ್ನೊಂದು ಆರ್ಡರು ಎಂಬುದು ಅವರ ಸಿದ್ಧಾಂತ. "ಮದುವೆ ಕೆಲಸ ಮಾರಾಯ್ತಿ ಇದು. ಮೊಬೈಲಲ್ಲಿ ಮುಗಿತದಾ? ಜನಕ್ಕೆ ಎದುರು ಮನುಷ್ಯ ಕಾಣ್ಬೇಕು" ಎಂದರು.

"ಆಯ್ತು" ಎಂದರು ಅಕ್ಕ. "ಆದ್ರೆ ನಾನಿಲ್ಲದೆ ಈ ಸೀಸನ್ ಮುಗಿಲಿಕ್ಕಿಲ್ಲ. ಒಮ್ಮೆ ಮಾಡಿ ನೋಡುವ." ಅದು ಬೆದರಿಕೆಯಲ್ಲ, ಇದ್ದ ವಿಷಯ. ಕಾಗದಕ್ಕೆ ಬಂದವರೆಲ್ಲ "ಆ ಅಕ್ಕ ಇದ್ದಾರಾ?" ಎಂದೇ ಒಳಗೆ ಕಾಲಿಡುತ್ತಿದ್ದರು. ಧನಿಗಳು ಗೊಣಗುತ್ತಾ ಒಪ್ಪಿದರು.

ಕೆಲವು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಅಕ್ಕನ ಪ್ರೂಫುಗಳು ಬೇಗ ಬರುತ್ತಿದ್ದವು. ಫೋನಿನಲ್ಲಿ ಹಿಂದಿನಿಂದ ಮಗುವಿನ ಕೇಕೆ ಕೇಳುತ್ತಿತ್ತು. ಆಮೇಲೆ ಗುತ್ತಿಗಾರು ಊರಿನ ಆ ವಿಷಯ ಆಯಿತು.

ಹೊರಗಿನವರಿಗೆ ಇದರ ತೂಕ ತಿಳಿಯುವುದು ಕಷ್ಟ. ನಮ್ಮಲ್ಲಿ ಕಾಗದ ಅಚ್ಚಾಗಿ ಬಂದರೆ ಮೊದಲನೆಯದನ್ನು ಮನೆಯ ದೈವದ ಮುಂದೆ ಇಡುತ್ತಾರೆ. ಅದಾದ ಮೇಲೆ ಸೋದರಮಾವನ ಮನೆಗೆ ಹೋಗಿ, ಅವನ ಕೈಗೆ ಕೊಟ್ಟು, ಬಾಯಾರೆ ಕರೆದು ಹೇಳಿಕೆ ಮಾಡುವುದು. ಊರಿಗೆಲ್ಲ ಹಂಚುವುದು ಆಮೇಲೆ. ಕಡಬದ ಒಬ್ಬರು ಮಗಳ ಮದುವೆಯ ಕಾಗದಕ್ಕೆ ಹೇಳಿದ್ದರು. ಅಕ್ಕ ಮನೆಯಿಂದ ಪ್ರೂಫನ್ನು ಅವರ ಮೊಬೈಲಿಗೆ ಕಳಿಸಿದರು. ಸೋದರಮಾವನನ್ನು ಕೇಳಿ ಹಾಕುವುದೆಂದು ಅವನ ಹೆಸರಿನ ಜಾಗ ಖಾಲಿಯಿತ್ತು. ಮದುಮಗಳ ತಂದೆ ಖುಷಿಯಲ್ಲಿ ಅದನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿ, ತಪ್ಪಿದ್ದರೆ ಹೇಳಿ ಎಂದು ಬರೆದರು. ಅವರು ಬರೆದ ಮಾತು ಅಲ್ಲೇ ಉಳಿಯಿತು. ಚಿತ್ರ ಮಾತ್ರ ಗ್ರೂಪಿನಿಂದ ಗ್ರೂಪಿಗೆ ಹೋಗಿ, ಸಂಜೆಯೊಳಗೆ ದುಬೈಯಿಂದಲೂ ಶುಭಾಶಯ ಬಂತು. ಗುತ್ತಿಗಾರಿನಲ್ಲಿದ್ದ ಸೋದರಮಾವನಿಗೆ ಅದನ್ನು ತೋರಿಸಿದ್ದು ಹಾಲಿನ ಸೊಸೈಟಿಯಲ್ಲಿ ಸಿಕ್ಕಿದ ಯಾರೋ. "ನಿಮ್ಮ ತಂಗಿ ಮಗಳ ಕಾಗದ ಬಂತಲ್ಲ, ನಿಮ್ಮ ಹೆಸರೇ ಕಾಣುದಿಲ್ಲ?"

ಆ ಮನುಷ್ಯ ಮನೆಗೆ ಹೋಗಿ ತಂಗಿಗೆ ಫೋನು ಮಾಡಿ, ಮದುವೆಗೆ ತನ್ನನ್ನು ಕಾಯಬೇಡಿ ಎಂದುಬಿಟ್ಟರು. ಸೋದರಮಾವ ಬಾರದೆ ಮದುಮಗಳನ್ನು ಮಂಟಪಕ್ಕೆ ಕರೆತರುವುದು ಹೇಗೆ? ಮರುದಿನ ಮದುಮಗಳ ತಂದೆ ಪ್ರೆಸ್ಸಿಗೆ ಬಂದು ತಲೆಗೆ ಕೈಕೊಟ್ಟು ಕೂತರು. ಧನಿಗಳು ಅಕ್ಕನನ್ನು ಕರೆಸಿದರು.

"ನಾನು ಹೇಳಿದ್ನಾ ಇಲ್ವಾ? ನೀನು ಇಲ್ಲಿದ್ದಿದ್ರೆ, ಇವರು ಈ ಸ್ಟೂಲಲ್ಲಿ ಕೂತು ನೋಡಿ ಹೋಗ್ತಿದ್ರು. ನಾಳೆಯಿಂದ ಲ್ಯಾಪ್‌ಟಾಪ್ ಇಲ್ಲಿ. ನೀನೂ ಇಲ್ಲಿ, ಬೆಳಿಗ್ಗೆಯಿಂದ ಸಂಜೆವರೆಗೆ. ಆಗುದಿಲ್ಲ ಅಂತಾದ್ರೆ ಬೇರೆ ಜನ ನೋಡ್ತೇನೆ."

ಅಕ್ಕ ಆ ದಿನ ಆಯ್ತು ಎನ್ನಲಿಲ್ಲ. ನಾನು ಅವರ ಮುಖ ನೋಡಿದೆ. ಬೆಳಗಿಂದ ಸಂಜೆವರೆಗೆ ಎಂದರೆ ಅವರಿಗೆ ಕೆಲಸ ಬಿಟ್ಟ ಹಾಗೆಯೇ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವರು ಧನಿಗಳ ಕಡೆ ತಿರುಗದೆ ಮದುಮಗಳ ತಂದೆಯನ್ನು ಕೇಳಿದರು: "ಗುತ್ತಿಗಾರಿಗೆ ಹೋಗುವನಾ? ಈಗಲೇ?"

ಹೋದೆವು. ಅವರ ಜೀಪಿನಲ್ಲಿ ಪೆರಾಬೆಗೆ ಹೋಗಿ ಮಗುವನ್ನು ಎತ್ತಿಕೊಂಡು, ಅಲ್ಲಿಂದ ಗುತ್ತಿಗಾರಿಗೆ. ಮಗು ಹಿಡಿಯಲಿಕ್ಕೆ ಜನ ಬೇಕೆಂದು ನನ್ನನ್ನೂ ಹತ್ತಿಸಿದ್ದರು. ಮಗು ದಾರಿಯುದ್ದಕ್ಕೂ ನನ್ನ ಕಿವಿಯ ಓಲೆ ಎಳೆಯಿತು. ಅಕ್ಕ ಲ್ಯಾಪ್‌ಟಾಪಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತಿದ್ದರು.

ಸೋದರಮಾವ ಜಗಲಿಯಲ್ಲೇ ಇದ್ದರು. ಬನ್ನಿ ಎಂದರು, ನೀರು ಕೊಟ್ಟರು, ಮದುವೆಯ ವಿಷಯ ಎತ್ತಲೇ ಇಲ್ಲ. ಹಿಂದಿನ ರಾತ್ರಿ ಆನೆ ಬಂದು ಬಾಳೆಯನ್ನೆಲ್ಲ ತುಳಿದು ಹೋದದ್ದನ್ನೇ ಹೇಳುತ್ತಾ ಹೋದರು. ಭಾವನ ಮುಖವನ್ನಂತೂ ನೋಡಲಿಲ್ಲ. ಅಕ್ಕ ಆನೆಯ ಕಥೆಯನ್ನು ಪೂರ್ತಿ ಕೇಳಿದರು. ನಡುನಡುವೆ ಗೌಡರ ಮನೆಮಾತಾದ ಅರೆಭಾಷೆಯಲ್ಲಿ ಪ್ರಶ್ನೆಯನ್ನೂ ಹಾಕಿದರು. ಅವರ ಮಾತಿನಲ್ಲಿ "ಉಂಟು" ಹೋಗಿ "ಉಟ್ಟು" ಬಂದದ್ದೇ ಆ ಮನುಷ್ಯ ಮೊದಲ ಬಾರಿ ತಲೆಯೆತ್ತಿ ನೋಡಿ, "ಯಾವ ಮನೆಯವಳು ನೀನು?" ಎಂದು ವಿಚಾರಿಸಿದರು. ಅರಂತೋಡಿನ ಮನೆ, ತಂದೆ, ಅಜ್ಜ, ಎಲ್ಲ ಬಂತು. ನಾನು ಇನ್ನು ಇದು ಸಂಜೆಯವರೆಗೆ ಎಂದುಕೊಂಡು ಮಗುವಿಗೆ ಕಾಗೆ ತೋರಿಸುತ್ತಿದ್ದೆ.

ಅಕ್ಕ ಲ್ಯಾಪ್‌ಟಾಪನ್ನು ತೆರೆದು ಅವರ ಪಕ್ಕದಲ್ಲಿಟ್ಟರು. "ಮಾವ, ಜನ ನೋಡಿದ್ದು ಕಾಗದ ಅಲ್ಲ. ಕಾಗದ ಇನ್ನೂ ಆಗ್ಲಿಲ್ಲ. ಕಳಿಸ್ಬಾರದಿತ್ತು, ಕಳಿಸಿದ್ದು ನಾನು. ನಿಮ್ಮ ಹೆಸರು ಎಲ್ಲಿ, ಹೇಗೆ ಹಾಕುದು ಅಂತ ನಿಮ್ಮನ್ನೇ ಕೇಳ್ಬೇಕು. ನೀವು ಹೇಳದೆ ಇದು ಅಚ್ಚಿಗೆ ಹೋಗುದಿಲ್ಲ."

ಅವರು ಕನ್ನಡಕ ತರಿಸಿದರು. ಬಹಳ ಹೊತ್ತು ಓದಿದರು. ತನ್ನ ಹೆಸರನ್ನು ಎಲ್ಲರಿಗಿಂತ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿಸುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ಹೇಳಿದ್ದು ಬೇರೆ. "ನಮ್ಮ ಅಮ್ಮನ ಹೆಸರೇ ಇಲ್ಲ ಇದರಲ್ಲಿ. ಮದುಮಗಳನ್ನು ಎತ್ತಿ ಆಡಿಸಿದ್ದು ಅವರು. ಅವರ ಆಶೀರ್ವಾದ ಮೊದಲು ಬರ್ಲಿ. ನನ್ನದು ಎಲ್ಲಿ ಬೇಕಾದ್ರೂ ಹಾಕಿ." ಭಾವ ಅತ್ತ ತಿರುಗಿ ಮೂಗೊರೆಸಿಕೊಂಡರು. ಅಕ್ಕ ಆ ಅಜ್ಜಿಯ ಹೆಸರನ್ನು ಮೆಲ್ಲಗೆ ಹೇಳುತ್ತಾ ಟೈಪು ಮಾಡಿದರು.

ಅಷ್ಟು ಹೊತ್ತಿಗೆ ಮಗು ಹಸಿದು ರಾಗ ತೆಗೆಯಿತು. ಪ್ರೆಸ್ಸಿನಲ್ಲಾದರೆ ಇಂಥಾ ಹೊತ್ತಿನಲ್ಲಿ ಎಲ್ಲರೂ ಗಡಿಯಾರ ನೋಡುತ್ತಿದ್ದರು. ಸೋದರಮಾವ ಲ್ಯಾಪ್‌ಟಾಪನ್ನು ತಾವೇ ಬದಿಗೆ ಸರಿಸಿ, "ಮೊದಲು ಮಗುವಿಗೆ ಕೊಡು. ಇದು ಎಲ್ಲಿಗೂ ಓಡುದಿಲ್ಲ" ಎಂದರು. ಕೆಲಸದ ನಡುವೆ ಅಕ್ಕನಿಗೆ ಆ ಮಾತನ್ನು ಯಾರಾದರೂ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಕ್ಕ ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು.

ಆ ಮದುವೆ ಚೆನ್ನಾಗಿಯೇ ಆಯಿತು. ಅಲ್ಲಿ ಊಟಕ್ಕೆ ಕೂತವರಿಗೆಲ್ಲ ಸೋದರಮಾವ ಹೇಳಿದ್ದು ಒಂದೇ ಕಥೆಯಂತೆ: ನನ್ನನ್ನು ಕೇಳಲಿಕ್ಕೆ ಪ್ರೆಸ್ಸೇ ಮನೆಗೆ ಬಂತು ಎಂದು. ಮುಂದಿನ ವಾರದಿಂದ ಪ್ರೆಸ್ಸಿಗೆ ಫೋನುಗಳು. ನಮ್ಮ ಅಜ್ಜನಿಗೆ ಜೀಪು ಹತ್ತಲಿಕ್ಕೆ ಆಗುವುದಿಲ್ಲ, ಆ ಅಕ್ಕನನ್ನು ಮನೆಗೆ ಕಳಿಸುತ್ತೀರಾ? ನಮ್ಮಲ್ಲಿ ಅಣ್ಣತಮ್ಮಂದಿರಿಗೆ ಮಾತಿಲ್ಲ, ಜಗಲಿಯಲ್ಲಿ ಕೂತರೆ ಸರಿಯಾದೀತು. ಜನಕ್ಕೆ ಎದುರು ಮನುಷ್ಯ ಕಾಣಬೇಕು ಎಂದಿದ್ದ ಧನಿಗಳಿಗೆ ಬಾಯಿ ಕಟ್ಟಿದ ಹಾಗಾಯಿತು. ಒಂದು ದಿನ ಅವರಾಗಿಯೇ ಅಕ್ಕನನ್ನು ಕರೆದು, "ನೀನು ಹಾಗೇ ಮಾಡು. ಮನೆಯಿಂದ ಹೊರಡು, ಅವರ ಮನೆಗೆ ಹೋಗು, ನಿನ್ನ ಸಮಯ ನೀನೇ ನೋಡ್ಕೊ. ವಾರಕ್ಕೊಮ್ಮೆ ಇಲ್ಲಿ ಮುಖ ತೋರಿಸು, ಜೀವಂತ ಇದ್ದಿ ಅಂತ ಗೊತ್ತಾಗ್ಲಿ" ಎಂದರು. ಅಕ್ಕ ಆಯ್ತು ಎಂದು ಸುಮ್ಮನಾದರು. ಆದರೆ ಎಂಬುದು ಆ ದಿನ ಬರಲಿಲ್ಲ. ಧನಿಗಳು ಇನ್ನೂ ಸ್ವಲ್ಪ ಹೊತ್ತು ಕಾದು ನೋಡಿದರು.

ಅಲ್ಲಿಂದ ಸ್ಕೂಟರು ಬಂತು. ಬೆನ್ನಿಗೆ ಲ್ಯಾಪ್‌ಟಾಪ್, ಎದೆಗೆ ಕಟ್ಟಿಕೊಂಡ ಮಗು. ದೂರದ ಮನೆಯಾದರೆ ಗಂಡನ ಪಿಕಪ್ಪು. ಕೊಂಬಾರು, ಬಿಳಿನೆಲೆ, ಸವಣೂರು, ಎಲ್ಲ ಕಡೆಯ ಜಗಲಿಗಳಲ್ಲಿ ಅಕ್ಕ ಕೂತರು. ಜನ ಅವರನ್ನು ಕಾಗದದಕ್ಕ ಎಂದು ಕರೆಯಲು ಶುರು ಮಾಡಿದರು. ಕೆಲವು ಮನೆಗಳಲ್ಲಿ ಮಗುವಿಗೆಂದೇ ಜೋಲಿ ಕಟ್ಟಿಡುತ್ತಿದ್ದರಂತೆ. ಮಗು ದೊಡ್ಡದಾಗಿ ಅಂಗನವಾಡಿಗೆ, ಶಾಲೆಗೆ ಹೋದ ಮೇಲೆ ಅಕ್ಕ ಶಾಲೆಯ ಹೊತ್ತಿಗೆ ಹೊರಟು ಶಾಲೆ ಬಿಡುವ ಹೊತ್ತಿಗೆ ಮನೆ ಸೇರುತ್ತಿದ್ದರು. ಜ್ವರ ಬಂದ ದಿನ ಕೆಲಸವಿಲ್ಲ. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಮ್ಮ ಸುತ್ತಿನಲ್ಲಿ ಹಾಗೆ ಬದುಕಿದ ಇನ್ನೊಬ್ಬ ಹೆಂಗಸನ್ನು ನಾನು ನೋಡಲಿಲ್ಲ. ಹೊಟ್ಟೆಕಿಚ್ಚು ಪಟ್ಟಿದ್ದೇನೆ ಎಂದು ಹೇಳಲಿಕ್ಕೂ ನನಗೇನೂ ನಾಚಿಕೆಯಿಲ್ಲ.

ಈಗ ಅವರು ಗಂಡನೊಂದಿಗೆ ಅರಂತೋಡಿನ ಕಡೆಗೇ ಹೋಗಿ, ರಸ್ತೆ ಬದಿಯಲ್ಲಿ ಒಂದು ಕೋಣೆ ಹಿಡಿದು ಸ್ವಂತ ಕೆಲಸ ಶುರು ಮಾಡುತ್ತಿದ್ದಾರೆ. ಬೀಳ್ಕೊಡುಗೆಯಲ್ಲಿ ಧನಿಗಳು ಶಾಲು ಹೊದಿಸಿ ಮಾತಾಡಿದರು. ಮಾತಿನ ನಡುವೆ, "ಕೆಲಸವನ್ನೂ ಬಿಡಲಿಲ್ಲ, ಮಗುವನ್ನೂ ಬಿಡಲಿಲ್ಲ. ಏನನ್ನೂ ಕಳೆದುಕೊಳ್ಳದ ಹೆಂಗಸು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ನಕ್ಕರು.

ಬಸ್‌ಸ್ಟ್ಯಾಂಡಿನವರೆಗೆ ಒಟ್ಟಿಗೆ ನಡೆದೆವು. ನನ್ನ ಹೆರಿಗೆ ರಜೆ ಮುಗಿಯುತ್ತಾ ಬಂದಿತ್ತು. ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಬಂದಿದ್ದೆ, ಜೀವವೆಲ್ಲ ಅಲ್ಲೇ ಇತ್ತು. "ನಿಮ್ಮ ಹಾಗೆ ನನಗೆ ಆಗ್ಲಿಕ್ಕಿಲ್ಲ ಅಕ್ಕ. ನಿಮಗೆ ಎರಡೂ ಸಿಕ್ಕಿತು" ಎಂದೆ.

ಸ್ವಲ್ಪ ದೂರ ಹೋದ ಮೇಲೆ, "ಅವಳು ಮೊದಲು ನಡೆದದ್ದು ನಾನು ನೋಡ್ಲಿಲ್ಲ ಗೊತ್ತುಂಟಾ?" ಎಂದರು.

"ನಿಮ್ಮ ಒಟ್ಟಿಗೇ ಇದ್ದಳಲ್ಲ ಯಾವಾಗ್ಲೂ?"

"ಒಟ್ಟಿಗೇ ಇದ್ದಳು. ಯಾರದ್ದೋ ಮನೆಯ ಜಗಲಿ. ನಾನು ಹೆಸರು ಕೂರಿಸ್ತಾ ಇದ್ದೆ. ದೊಡ್ಡ ಕುಟುಂಬ, ಒಬ್ಬರನ್ನು ಹಾಕಿದ್ರೆ ಇನ್ನೊಬ್ರಿಗೆ ಸಿಟ್ಟು. ಅವಳು ನನ್ನ ಬೆನ್ನ ಹಿಂದೆ ಕಂಬ ಹಿಡ್ಕೊಂಡು ನಿಂತವಳು, ಕೈ ಬಿಟ್ಟು ನಡೆದಳಂತೆ. ನನ್ನ ಕಡೆಗೇ ಬಂದಳಂತೆ. ಆ ಮನೆಯ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದ ಮೇಲೆ ನಾನು ತಿರುಗಿ ನೋಡಿದ್ದು. ಅಷ್ಟೊತ್ತಿಗೆ ಅವಳು ಕೂತಾಗಿತ್ತು." ಅವರು ಶಾಲನ್ನು ಮಡಚಿ ಚೀಲಕ್ಕೆ ತುರುಕಿದರು. "ಕೈಗೆ ಸಿಗುವಷ್ಟು ಹತ್ತಿರ ಮಾರಾಯ್ತಿ. ಮನೆಯಲ್ಲೇ ಬಿಟ್ಟು ಬಂದಿದ್ರೆ, ದೂರ ಇದ್ದೆ, ನೋಡ್ಲಿಲ್ಲ ಅಂತ ಸಮಾಧಾನ ಮಾಡ್ಕೊಳ್ಬಹುದಿತ್ತು."

ನನಗೆ ಅಳು ಬಂತು. "ಕೆಲಸ ಬಿಟ್ಟಿದ್ರೆ ಆಗ್ತಿತ್ತು ಅಂತ ಅನಿಸ್ತದಾ ಅಕ್ಕ?"

"ಇಲ್ಲ" ಎಂದರು. ಅವರ ಬಾಯಲ್ಲಿ ಮೊದಲಿಗೇ ಆ ಮಾತು ಬಂದದ್ದನ್ನು ಅದುವರೆಗೆ ನಾನು ಕೇಳಿರಲಿಲ್ಲ. "ಬೇಸರ ಉಂಟು, ಅದು ಬೇರೆ. ಬಿಡ್ಬೇಕಿತ್ತು ಅಂತ ಇಲ್ಲ. ನೀನು ಕೂಡ ಬಿಡ್ಬೇಡ. ಸಮಯ ಬೇಕಾದ್ರೆ ಬಾಯಿಬಿಟ್ಟು ಕೇಳು. ಕೊಡದಿದ್ರೆ ಇನ್ನೊಮ್ಮೆ ಕೇಳು."

ಸುಳ್ಯದ ಬಸ್ಸು ಬಂತು. ಮೆಟ್ಟಿಲಿಗೆ ಕಾಲಿಟ್ಟವರು ತಿರುಗಿ, ನನ್ನ ಕೈ ಹಿಡಿದರು. "ಅವಳು ಸಣ್ಣದಿರುವಾಗ ಕೇಳ್ತಿದ್ದಳು, ನಾನು ಮೊದಲು ನಡೆದದ್ದು ಹೇಗೆ ಅಂತ. ನಮ್ಮ ಮನೆಯ ಅಂಗಳದಲ್ಲಿ, ನಾನು ಕೈ ಚಾಚಿ ಕರೆದೆ, ನೀನು ನಡೆದು ಬಂದು ನನ್ನ ಕುತ್ತಿಗೆಗೆ ಬಿದ್ದೆ ಅಂತ ಹೇಳಿದ್ದೇನೆ. ಅವಳು ಅದನ್ನೇ ಎಲ್ಲರಿಗೂ ಹೇಳುದು. ಇದು ನಿನ್ನಲ್ಲೇ ಇರ್ಲಿ, ಆಯ್ತಾ?"

ಆಯ್ತು ಎಂದೆ. ಆದರೆ ನಾಳೆಯಿಂದ ಕೆಲಸಕ್ಕೆ ಹೋಗಬೇಕಾದವಳು, ಇದನ್ನು ಬರೆಯದೆ ಇರಲು ನನ್ನಿಂದ ಆಗಲಿಲ್ಲ. ಅವರ ಮಗಳಿಗೆ ಈಗ ಓದುವ ಹುಚ್ಚು, ಕೈಗೆ ಸಿಕ್ಕಿದ ಕನ್ನಡವನ್ನೆಲ್ಲ ಓದುತ್ತಾಳಂತೆ. ಊರುಗಳನ್ನೂ ಜನ ಅಕ್ಕನನ್ನು ಕರೆಯುವ ಹೆಸರನ್ನೂ ನಾನು ಸ್ವಲ್ಪ ಆಚೀಚೆ ಮಾಡಿದ್ದೇನೆ. ಅಕ್ಕನ ಹೆಸರನ್ನು ಎಲ್ಲಿಯೂ ಬರೆಯದೆ ಬಿಟ್ಟದ್ದು ಅದಕ್ಕೇ.